ಕೊಆ ಮರದ ಯುಕುಲೇಲೆ: ದೋಣಿಗೂ ಅದೇ ಮರ, ವಾದ್ಯಕ್ಕೂ ಅದೇ ಮರ

ಮಲೆನಾಡ ಚೇಗು:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು, ಈಗ ಇರುವುದು ಅಮೆರಿಕದ ಸಿಯಾಟಲ್ ಹತ್ತಿರ. ರಜೆ ಸಿಕ್ಕಾಗಲೆಲ್ಲ ಇಲ್ಲಿನ ಒಂದು ಮರಗೆಲಸದ ಶೆಡ್‌ಗೆ ಹೋಗಿ ಯುಕುಲೇಲೆ ಮಾಡುತ್ತೇನೆ. ನಾಲ್ಕು ತಂತಿಯ ಹವಾಯಿ ವಾದ್ಯ, ಗಿಟಾರಿನ ತಂಗಿ ಅನ್ನಬಹುದು. ಈಗ ಮುಗಿದಿರುವುದು ಟೆನರ್ ಅಳತೆಯದು, ತಂತಿಯ ಉದ್ದ ಸುಮಾರು 17 ಇಂಚು. ಹಿಂಬದಿ ಮತ್ತು ಪಕ್ಕಗಳು ಕೊಆ ಮರದ್ದು. ಮೇಲ್ಹಲಗೆ ಸಿಟ್ಕಾ ಸ್ಪ್ರೂಸ್, ಅಲಾಸ್ಕಾ ಕಡೆಯ ಸೂಜಿ ಎಲೆಯ ಮರ.

ಈ ಎರಡೂ ದೋಣಿಯ ಮರಗಳು. ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿತ್ತು.

ಕೊಆ ಹವಾಯಿ ದ್ವೀಪಗಳಲ್ಲಿ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಜಾಲಿಯ ಬಳಗದ ಮರ. ಹವಾಯಿಯವರು ತಲೆಮಾರುಗಳಿಂದ ಇದರ ಒಂದೇ ದಿಮ್ಮಿಯನ್ನು ಕೊರೆದು ದೋಣಿ ಮಾಡುತ್ತಿದ್ದರು. ಅಂಥ ಎರಡು ದೋಣಿಗಳನ್ನು ಪಕ್ಕಪಕ್ಕ ಇಟ್ಟು, ನಡುವೆ ಅಟ್ಟ ಕಟ್ಟಿ, ಹಾಯಿ ಏರಿಸಿದರೆ ಅದು ದೂರದ ಕಡಲು ದಾಟುವ ಹಾಯಿದೋಣಿ. ಮರ ಆರಿಸುವ ಕ್ರಮ ನನಗೆ ತುಂಬಾ ಇಷ್ಟ. ಅಲ್ಲಿ ಎಲೆಪಾಯೊ ಅಂತ ಒಂದು ಪುಟ್ಟ ಹಕ್ಕಿ ಇದೆ. ಕೆಡವಿದ ದಿಮ್ಮಿಯ ಮೇಲೆ ಆ ಹಕ್ಕಿ ಬಂದು ಕೂರುವವರೆಗೆ ಹಿರಿಯ ಬಡಗಿ ಕಾಯುತ್ತಿದ್ದ. ಅದು ಅಲ್ಲಲ್ಲಿ ನಿಂತು ಕುಕ್ಕಿದರೆ ಒಳಗೆ ಹುಳ ಇದೆ, ಆ ಮರ ಬೇಡ. ಸುಮ್ನೆ ಉದ್ದಕ್ಕೂ ಓಡಾಡಿ ಹಾರಿ ಹೋದರೆ ಮರ ಗಟ್ಟಿ. ಹುಳ ತಿಂದೇ ಬದುಕುವ ಹಕ್ಕಿ ಅದು. ಅದಕ್ಕಿಂತ ಚೆನ್ನಾಗಿ ಮರ ನೋಡುವವರು ಯಾರಿದ್ದಾರೆ?

ಯುಕುಲೇಲೆ ಬಂದದ್ದು ಬಹಳ ತಡವಾಗಿ. 1879ರ ಆಗಸ್ಟ್ 23ಕ್ಕೆ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಹೊನೊಲುಲು ತಲುಪಿತು. ಕಬ್ಬಿನ ತೋಟದ ಕೆಲಸಕ್ಕೆ ಪೋರ್ಚುಗಲ್‌ನ ಮಡೈರಾ ದ್ವೀಪದಿಂದ ಜನ ಬಂದಿದ್ದರು. ಅವರಲ್ಲಿ ಮೂವರು ಮರಗೆಲಸದವರು: ಮಾನ್ಯುಯೆಲ್ ನೂನೆಸ್, ಅಗಸ್ಟೊ ಡಿಯಾಸ್, ಜೊಸೆ ಡೊ ಎಸ್ಪಿರಿಟೊ ಸಾಂಟೊ. ತೋಟದ ಕೆಲಸದ ಕರಾರು ಮುಗಿದ ಮೇಲೆ ಹೊನೊಲುಲುವಿನಲ್ಲಿ ಅಂಗಡಿ ಹಾಕಿದರು. ತಮ್ಮೂರಿನ ಪುಟ್ಟ ತಂತಿವಾದ್ಯ ಮಷೇಟಿಯನ್ನು ಅಲ್ಲಿನ ಕೊಆ ಮರದಲ್ಲಿ ಮಾಡತೊಡಗಿದರು. ಅದೇ ಬದಲಾಗುತ್ತಾ ಯುಕುಲೇಲೆ ಆಯಿತು. ಹವಾಯಿಯ ದೊರೆ ಕಲಾಕಾವುವಿಗೆ ಇದು ಬಹಳ ಹಿಡಿಸಿತು, ಅರಮನೆಯ ಕಾರ್ಯಕ್ರಮಗಳಿಗೂ ಬಂತು. ಹಾಗಾಗಿ ದೋಣಿಯ ಮರವೇ ವಾದ್ಯದ ಮರವೂ ಆಯಿತು.

ಇನ್ನು ಮೇಲ್ಹಲಗೆಯ ಸ್ಪ್ರೂಸ್. ಇದರ ಕಥೆ ಕೇಳಿ ನನಗೆ ನಿದ್ದೆ ಬಂದಿರಲಿಲ್ಲ.

1990ರ ಸುಮಾರಿಗೆ ಹವಾಯಿಯ ಪಾಲಿನೇಷಿಯನ್ ವಾಯೇಜಿಂಗ್ ಸೊಸೈಟಿಯವರು ಹಳೆಯ ಕ್ರಮದಲ್ಲೇ, ಮರದಲ್ಲೇ ಒಂದು ಹಾಯಿದೋಣಿ ಕಟ್ಟಲು ಹೊರಟರು. ಅವರ ಮೊದಲ ದೋಣಿ ಹೊಕುಲೆಆ 1976ರಲ್ಲಿ ಯಾವ ಯಂತ್ರವೂ ಇಲ್ಲದೆ ನಕ್ಷತ್ರ, ಅಲೆ, ಹಕ್ಕಿ ನೋಡಿಕೊಂಡೇ ತಹೀತಿ ತಲುಪಿತ್ತು. ಆದರೆ ಅದು ಪ್ಲೈವುಡ್, ಫೈಬರ್‌ಗ್ಲಾಸಿನದು. ಹೊಸದಕ್ಕೆ ಎರಡು ದೊಡ್ಡ ಕೊಆ ಮರ ಬೇಕಿತ್ತು. ತಿಂಗಳುಗಟ್ಟಲೆ ಕಾಡು ಸುತ್ತಿದರು. ದೋಣಿಗೆ ಆಗುವಷ್ಟು ದೊಡ್ಡ, ಟೊಳ್ಳಿಲ್ಲದ ಎರಡೇ ಎರಡು ಮರ ಸಿಗಲಿಲ್ಲ! ಸಾವಿರಾರು ದೋಣಿ ಕೊಟ್ಟ ಕಾಡದು. 1793ರಲ್ಲಿ ವ್ಯಾಂಕೂವರ್ ಎಂಬ ಹಡಗಿನ ಕ್ಯಾಪ್ಟನ್ ಆಗಿನ ಹವಾಯಿ ದೊರೆಗೆ ಕಾಣಿಕೆಯಾಗಿ ದನ ಕೊಟ್ಟಿದ್ದ. ಅವು ಕಾಡು ಸೇರಿ ಹೆಚ್ಚಿದವು, ಕೊಆದ ಸಸಿಗಳನ್ನು ಏಳಲು ಬಿಡಲಿಲ್ಲ. ಉಳಿದದ್ದನ್ನು ಹುಲ್ಲುಗಾವಲಿಗೂ ಮರದ ವ್ಯಾಪಾರಕ್ಕೂ ಕಡಿದರು.

ಕೊನೆಗೆ ನೆರವು ಕೇಳಿದ್ದು ಅಲಾಸ್ಕಾವನ್ನು. ಅಲ್ಲಿಂದ ಬಿದ್ದ ಮರಗಳು ಕಡಲಲ್ಲಿ ತೇಲಿ ಹವಾಯಿ ದಡಕ್ಕೆ ಬರುತ್ತಿದ್ದವು, ಹಿಂದೆ ಅದರಲ್ಲೂ ದೋಣಿ ಮಾಡುತ್ತಿದ್ದರು. ಅಂಥದ್ದೊಂದನ್ನು ಕೌಆಯಿ ದ್ವೀಪದಲ್ಲಿ ನೋಡಿದ್ದಾಗಿ ಅದೇ ವ್ಯಾಂಕೂವರ್ ಬರೆದಿಟ್ಟಿದ್ದಾನೆ. ಅಲಾಸ್ಕಾದ ಮೂಲನಿವಾಸಿಗಳ ಸಂಸ್ಥೆ ಸೀಲಾಸ್ಕ ಎರಡು ಸಿಟ್ಕಾ ಸ್ಪ್ರೂಸ್ ಮರಗಳನ್ನು ದಾನ ಕೊಟ್ಟಿತು. ಒಂದೊಂದೂ ಸುಮಾರು 200 ಅಡಿ ಎತ್ತರ, 400 ವರ್ಷಕ್ಕೂ ಹಳೆಯದು. ದೋಣಿ ಸಮಾಜದ ಮುಂದಾಳು ನೈನೊಆ ಥಾಂಪ್ಸನ್‌ಗೆ ಆ ಮರಗಳನ್ನು ಕಡಿಸಲು ತಕ್ಷಣ ಮನಸ್ಸು ಬರಲಿಲ್ಲ. ತಮ್ಮ ಕಾಡು ಹಾಳಾಯಿತು ಅಂತ ಬೇರೆಯವರ ಕಾಡಿನ ಮರ ತರುವುದು ಹೇಗೆ? ಊರಿಗೆ ವಾಪಸ್ ಹೋಗಿ ಮಕ್ಕಳು, ಹಿರಿಯರು ಎಲ್ಲರನ್ನೂ ಸೇರಿಸಿ ಸಾವಿರಾರು ಕೊಆ ಸಸಿ ನೆಡಿಸಿದರು. ಆಮೇಲೆ ಮರ ತಂದರು. ಹವಾಯಿಲೋಆ ಎಂಬ ಆ ದೋಣಿ 1993ರಲ್ಲಿ ನೀರಿಗಿಳಿಯಿತು. 1995ರಲ್ಲಿ ತಹೀತಿಗೆ ಹೋಗಿ ಬಂತು. ಅದೇ ವರ್ಷ ಅಲಾಸ್ಕಾದ ಕರಾವಳಿಗೂ ಹೋಗಿ, ಮರ ಕೊಟ್ಟವರ ಊರೂರಿಗೆ ಕೃತಜ್ಞತೆ ಹೇಳಿ ಬಂತು.

ಈಗ ನನ್ನ ಮಾತು. ದೋಣಿಗೂ ವಾದ್ಯಕ್ಕೂ ಒಂದೇ ಮರ ಅನ್ನುವುದು ಸುಮ್ನೆ ಹೊಂದಿಕೊಂಡು ಬಂದದ್ದಲ್ಲ. ಎರಡೂ ಮರದಿಂದ ಕೇಳುವುದು ಒಂದೇ ಗುಣ, ಮತ್ತು ಆ ಗುಣ ಇರುವುದು ಹಳೆಯ ಕಾಡಿನ ಹಳೆಯ ಮರದಲ್ಲಿ. ಹಾಗಾಗಿ ವಾದ್ಯ ಮಾಡುವವರು ಮೊದಲು ಕಾಡಿನ ಲೆಕ್ಕ ಕೇಳಬೇಕು ಅಂತ ನನ್ನ ಗಟ್ಟಿ ನಂಬಿಕೆ. ನಮ್ಮ ಕಡೆಯ ಮರ, ದೋಣಿ, ವಾದ್ಯ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಗಂಗೊಳ್ಳಿ ಗಾಳಿ:

ಅಕ್ಕ, ಓದಿ ಖುಷಿ ಆಯಿತು. ನಮ್ಮ ಕಡೆ ದೋಣಿ ಅಂದರೆ ಹೆಬ್ಬಲಸು. ತುಳುವಿನವರು ಪೆಜ ಅನ್ನುತ್ತಾರೆ. ಹಲಸಿನದೇ ಜಾತಿ, ಕಾಡು ಮರ. ನೆಟ್ಟಗೆ ಗೋಪುರದಷ್ಟು ಎತ್ತರ ಹೋಗುತ್ತದೆ, ತುಂಬಾ ಮೇಲೆ ಹೋಗುವವರೆಗೆ ಕೊಂಬೆಯೇ ಇರುವುದಿಲ್ಲ. ಅದೇ ದೋಣಿಯವರಿಗೆ ಬೇಕಾದದ್ದು. ಕೇರಳದಲ್ಲಿ ಇದನ್ನೇ ಆಂಜಿಲಿ ಅನ್ನುತ್ತಾರೆ, ಅಲ್ಲಿನ ಹಾವಿನ ದೋಣಿಗಳನ್ನು ಮಾಡುವುದು ಇದರಲ್ಲೇ. ನಮ್ಮಜ್ಜನ ಕಾಲದಲ್ಲಿ ಹಂಚು, ಅಕ್ಕಿ, ತೆಂಗಿನಕಾಯಿ ತುಂಬಿಕೊಂಡು ಹೋಗುತ್ತಿದ್ದ ಹಾಯಿಯ ಮಂಜಿಗಳು ನಮ್ಮ ಬಂದರಿನಲ್ಲಿ ಸಾಲಾಗಿ ನಿಲ್ಲುತ್ತಿದ್ದವಂತೆ. ಈಗ ನಾಡದೋಣಿಗೂ ಫೈಬರ್ ಬಂದಿದೆ.

ಹೆಬ್ಬಲಸಿನ ಹಣ್ಣು ತಿಂದಿದ್ದೀರಾ? ಬೆರಳಿನಷ್ಟು ದಪ್ಪದ ತೊಳೆ, ಹುಳಿ ಸಿಹಿ. ಬೀಜ ಹುರಿದು ತಿನ್ನುತ್ತೇವೆ. ಮರ ಕಮ್ಮಿಯಾದ ಮೇಲೆ ಹಣ್ಣೂ ಅಪರೂಪ ಆಗಿದೆ.

ವೀಣೆ ಮನೆ:

ಮೈಸೂರಿನಿಂದ ನಮಸ್ಕಾರ. ಗಂಗೊಳ್ಳಿಯವರ ಮಾತು ಓದಿದ ತಕ್ಷಣ ನನಗೆ ಹೊಳೆದದ್ದು ಇದು: ವೀಣೆಗೆ ಹಲಸು, ದೋಣಿಗೆ ಹೆಬ್ಬಲಸು. ಅಣ್ಣ ತಮ್ಮ ಇದ್ದ ಹಾಗೆ!

ಸರಸ್ವತಿ ವೀಣೆಯ ಕೊಡ (ಗುಂಡನೆಯ ಒಡಲು), ದಂಡಿ (ಉದ್ದನೆಯ ಕೈ) ಎಲ್ಲ ಹಲಸಿನದು. ಒಂದೇ ದಿಮ್ಮಿಯಲ್ಲಿ ಎಲ್ಲ ಕೊರೆದರೆ ಏಕಾಂಡ ವೀಣೆ. ಅದಕ್ಕೆ ಬೆಲೆ ಜಾಸ್ತಿ, ಯಾಕೆಂದರೆ ಅಷ್ಟು ದಪ್ಪದ, ಬಿರುಕಿಲ್ಲದ ದಿಮ್ಮಿ ಸಿಗಬೇಕು. ಆಂಧ್ರದ ಬೊಬ್ಬಿಲಿಯ ವೀಣೆ ಹೆಸರಾದದ್ದೇ ಹಾಗೆ ಒಂದೇ ದಿಮ್ಮಿಯಲ್ಲಿ ಕೊರೆಯುವುದಕ್ಕೆ. ಯೋಚಿಸಿದರೆ ಕೊಡ ಕೊರೆಯುವ ಕೆಲಸ ಮತ್ತು ಪಾತಿದೋಣಿ ಕೊರೆಯುವ ಕೆಲಸ ಎರಡೂ ಒಂದೇ. ದಿಮ್ಮಿ ಹೊರಗಿನಿಂದ ರೂಪ ಮಾಡು, ಒಳಗಿನಿಂದ ತೆಗೆ, ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ಬೆರಳಲ್ಲಿ ಬಡಿದು ನೋಡು.

ನನ್ನ ಪ್ರಶ್ನೆ: ದೋಣಿ ನೀರಿನಲ್ಲಿ ನಿಲ್ಲಬೇಕು, ವೀಣೆ ನಾದ ಕೊಡಬೇಕು. ಎರಡೂ ಒಂದೇ ಗುಣ ಕೇಳುತ್ತವೆ ಅಂದಿರಲ್ಲ, ಅದು ಹೇಗೆ? ಸ್ವಲ್ಪ ಬಿಡಿಸಿ ಹೇಳಿ.

ಮಲೆನಾಡ ಚೇಗು:

ಒಳ್ಳೆಯ ಪ್ರಶ್ನೆ ಮೇಡಂ. ಇದೇ ನನಗೆ ತುಂಬಾ ಪ್ರೀತಿಯ ಭಾಗ, ಹಾಗಾಗಿ ಉದ್ದ ಆಗುತ್ತದೆ.

ಸ್ಪ್ರೂಸ್‌ನಿಂದ ಶುರು ಮಾಡೋಣ. ಹಾಯಿಕಂಬಕ್ಕೆ ಏನು ಬೇಕು? ಹಗುರ ಇರಬೇಕು. ಕಂಬ ಭಾರ ಆದರೆ ದೋಣಿ ಮೇಲ್ಭಾರವಾಗಿ ಮಗುಚುತ್ತದೆ. ಆದರೆ ಗಾಳಿಗೆ ಬಾಗಬಾರದು, ಅಂದರೆ ಬಿರುಸಾಗಿರಬೇಕು. ಹಗುರವೂ ಆಗಬೇಕು, ಬಿರುಸೂ ಆಗಬೇಕು. ವಾದ್ಯದ ಮೇಲ್ಹಲಗೆಗೂ ಇದೇ. ತಂತಿ ಸದಾ ಎಳೆಯುತ್ತಿರುತ್ತದೆ, ಅದಕ್ಕೆ ಹಲಗೆ ಕುಸಿಯಬಾರದು. ಭಾರ ಇದ್ದರೆ ತಂತಿಯ ಚಿಕ್ಕ ಶಕ್ತಿಗೆ ಹಲಗೆ ಅಲುಗುವುದೇ ಇಲ್ಲ. ಸಿಟ್ಕಾ ಸ್ಪ್ರೂಸ್ ಒಂದು ಘನ ಮೀಟರಿಗೆ ಸುಮಾರು 425 ಕೆ.ಜಿ. ತೂಗುತ್ತದೆ, ತೇಗ 650ರ ಆಸುಪಾಸು. ಆದರೂ ಅದರ ಎಳೆಯ (ಮರದ ನಾರಿನ) ಉದ್ದಕ್ಕೆ ಸದ್ದು ಸೆಕೆಂಡಿಗೆ 5000 ಮೀಟರಿಗಿಂತ ಜಾಸ್ತಿ ವೇಗದಲ್ಲಿ ಓಡುತ್ತದೆ. ಉಕ್ಕಿನಲ್ಲಿ ಓಡುವುದೂ ಹೆಚ್ಚುಕಮ್ಮಿ ಅಷ್ಟೇ! ಮೊದಲ ಮಹಾಯುದ್ಧದ ವಿಮಾನಗಳ ಚೌಕಟ್ಟಿಗೂ ಇದೇ ಮರ ಬಳಸಿದ್ದು ಇದೇ ಕಾರಣಕ್ಕೆ. ಪಿಯಾನೊದ ನಾದಹಲಗೆಗೂ ಇದೇ.

ಎರಡನೆಯದು ಎಳೆ. ಮರವನ್ನು ಗರಗಸದಲ್ಲಿ ಕೊಯ್ದರೆ ಗರಗಸ ತನ್ನ ದಾರಿಯಲ್ಲಿ ಹೋಗುತ್ತದೆ, ಎಳೆಯನ್ನು ಅಲ್ಲಲ್ಲಿ ತುಂಡು ಮಾಡುತ್ತದೆ. ಬೆಣೆ ಹೊಡೆದು ಸೀಳಿದರೆ ಮರ ತನ್ನ ಎಳೆಯ ದಾರಿಯಲ್ಲೇ ಬಿಡುತ್ತದೆ. ಹಳೆಯ ದೋಣಿ ಬಡಗಿಗಳು, ವಾದ್ಯದವರು ಇಬ್ಬರೂ ಮೊದಲು ಸೀಳಿ ನೋಡುತ್ತಾರೆ. ಎಳೆ ಹಲಗೆಯ ಮುಖದಿಂದ ಹೊರಗೆ ಓಡುತ್ತಿದ್ದರೆ ಹಾಯಿಕಂಬ ಅಲ್ಲೇ ಮುರಿಯುತ್ತದೆ, ಮೇಲ್ಹಲಗೆ ಅಲ್ಲೇ ಸೀಳುತ್ತದೆ. ನನ್ನ ಮೇಲ್ಹಲಗೆಗೆ ಮರ ಹೆರೆಯುವ ತೋಪಡ ಹಾಕುವಾಗ ಎಡಭಾಗ ರೇಷ್ಮೆಯಂತೆ ಸುರುಳಿ ಬಿಟ್ಟು ಬಂತು, ಬಲಭಾಗದ ಒಂದು ಕಡೆ ಮಾತ್ರ ಎಳೆ ಕಿತ್ತು ಬಂತು. ಅಲ್ಲಿ ಎಳೆ ಒಳಗೆ ಇಳಿಯುತ್ತಿತ್ತು. ತೋಪಡ ತಿರುಗಿಸಿ ಎದುರು ದಿಕ್ಕಿನಿಂದ ಹೊಡೆದ ಮೇಲೆ ಸರಿಯಾಯಿತು. ಹಲಗೆ ಈಗ 2 ಮಿಲಿಮೀಟರ್‌ಗಿಂತ ಚೂರು ತೆಳು. ಬೆಳಕಿಗೆ ಹಿಡಿದರೆ ಉಂಗುರದ ಗೆರೆಗಳಿಗೆ ಅಡ್ಡವಾಗಿ ಮಿನುಗುವ ಸಣ್ಣ ಪಟ್ಟೆಗಳು ಕಾಣುತ್ತವೆ. ಅವು ಕಂಡರೆ ದಿಮ್ಮಿಯನ್ನು ನಡುವಿನಿಂದ ಹೊರಗೆ ಸರಿಯಾದ ಕೋನದಲ್ಲಿ ಸೀಳಿದ್ದಾರೆ ಅಂತ ಖಾತ್ರಿ.

ಮೂರನೆಯದು ವಯಸ್ಸು. ಹಳೆಯ ಕಾಡಿನ ನೆರಳಲ್ಲಿ ಮರ ನಿಧಾನವಾಗಿ ಬೆಳೆಯುತ್ತದೆ, ಉಂಗುರಗಳು ಹತ್ತಿರ ಹತ್ತಿರ ಬರುತ್ತವೆ. ಕೆಳಗಿನ ಕೊಂಬೆಗಳು ಬೇಗ ಉದುರುತ್ತವೆ, ಗಂಟು ಇರುವುದಿಲ್ಲ. ಗಿಟಾರಿನ ಅರ್ಧ ಹಲಗೆ 8 ಇಂಚು ಅಗಲ ಬೇಕು. ಅದು ದಿಮ್ಮಿಯ ನಡುವಿನಿಂದ ತೊಗಟೆವರೆಗಿನ ಅಳತೆ. ನೂರು ವರ್ಷದ ಮರದಲ್ಲಿ ಅಷ್ಟು ಗಂಟಿಲ್ಲದ ಅಗಲ ಸಿಗುವುದು ಕಷ್ಟ.

ಕೊಆದ ಮಾತು ಬೇರೆ. ಅದು ಹಾಯಿಕಂಬಕ್ಕಲ್ಲ, ದೋಣಿಯ ಒಡಲಿಗೆ. ಅದರ ಚೇಗು, ಅಂದರೆ ಒಳತಿರುಳು, ಗಟ್ಟಿ, ಆದರೆ ಕೆತ್ತಲು ಒಗ್ಗುತ್ತದೆ. ವಾದ್ಯದಲ್ಲೂ ಅದು ಒಡಲಿಗೇ ಹೋಗುತ್ತದೆ.

ಟೊರಾಂಟೊ ತಾತ:

ಮಗಳೇ, ಚೆನ್ನಾಗಿ ಬರೆದಿದ್ದೀಯ. ನಾನು ಕೆನಡಾಕ್ಕೆ ಬಂದು ಬಹಳ ವರ್ಷ ಆಯಿತು. ಇಲ್ಲಿ ಇದಕ್ಕೆ ಸರಿಯಾಗಿ ಕೂರುವ ಒಂದು ಗಿಟಾರ್ ಇದೆ, ಹೇಳಲೇಬೇಕು.

ಅದರ ಹೆಸರು ವಾಯೇಜರ್. ಜೋವಿ ಟೇಲರ್ ಎಂಬುವರು ಕೆನಡಾದ ಮೂಲೆ ಮೂಲೆಯಿಂದ ಮರದ ತುಂಡು, ಮೂಳೆ, ಲೋಹ ಸೇರಿಸಿದರು. ನೋವಾ ಸ್ಕೋಷಿಯಾದ ಜಾರ್ಜ್ ರಿಜಾನಿ ಎಂಬ ವಾದ್ಯ ಬಡಗಿ ಅವನ್ನೆಲ್ಲ ಕೂಡಿಸಿ ಒಂದು ಗಿಟಾರ್ ಮಾಡಿದರು. 2006ರ ಜುಲೈ 1, ಕೆನಡಾ ದಿನಕ್ಕೆ ಒಟ್ಟಾವಾದ ಪಾರ್ಲಿಮೆಂಟ್ ಮುಂದೆ ಮೊದಲ ಸಲ ನುಡಿಸಿದರು. ಅದರಲ್ಲಿ 60ಕ್ಕೂ ಹೆಚ್ಚು ತುಂಡುಗಳಿವೆ. ಪ್ರಧಾನಿಯಾಗಿದ್ದ ಪಿಯರ್ ಟ್ರೂಡೊ ಅವರ ದೋಣಿಯ ಹುಟ್ಟು, ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿಯ ಹಾಕಿ ಸ್ಟಿಕ್, ಮತ್ತೆ ಬ್ಲೂನೋಸ್ ಎರಡು ಎಂಬ ಹಾಯಿಹಡಗಿನ ತುಂಡು.

ಬ್ಲೂನೋಸ್ ಅಂದರೆ ಇಲ್ಲಿನವರಿಗೆ ಪ್ರಾಣ. ಮೊದಲ ಬ್ಲೂನೋಸ್ 1921ರಲ್ಲಿ ಲೂನೆನ್‌ಬರ್ಗ್‌ನಲ್ಲಿ ನೀರಿಗಿಳಿದದ್ದು. ಮೀನು ಹಿಡಿಯುವ ಹಡಗು, ಪಂದ್ಯದಲ್ಲಿ ಎಲ್ಲರನ್ನೂ ಸೋಲಿಸುತ್ತಿತ್ತು. 1937ರಿಂದ ನಮ್ಮ ಹತ್ತು ಸೆಂಟಿನ ನಾಣ್ಯದ ಮೇಲೆ ಹಾಯಿಹಡಗು ಇದೆಯಲ್ಲ, ಅದು. 1946ರಲ್ಲಿ ಹೈಟಿ ಹತ್ತಿರ ಬಂಡೆಗೆ ಬಡಿದು ಮುಳುಗಿತು. 1963ರಲ್ಲಿ ಅದೇ ಊರಿನಲ್ಲಿ ಅದೇ ಅಚ್ಚಿನಲ್ಲಿ ಬ್ಲೂನೋಸ್ ಎರಡನ್ನು ಕಟ್ಟಿದರು.

ಇನ್ನೂ ಕೇಳು. ಆ ಗಿಟಾರಿನ ಮೇಲ್ಹಲಗೆಯೂ ಸಿಟ್ಕಾ ಸ್ಪ್ರೂಸ್. ಬರೀ ಸಿಟ್ಕಾ ಅಲ್ಲ, ಕೆನಡಾದ ಪಶ್ಚಿಮ ಕರಾವಳಿಯ ಹೈಡಾ ಗ್ವಾಯಿ ದ್ವೀಪದ ಹೊಂಬಣ್ಣದ ಸ್ಪ್ರೂಸ್. ಎಲೆಗಳೆಲ್ಲ ಹಳದಿ ಹೊಂಬಣ್ಣ ಇದ್ದ ಮರ. ಅಲ್ಲಿನ ಮೂಲನಿವಾಸಿ ಹೈಡಾ ಜನಕ್ಕೆ ಅದು ದೇವರಂಥ ಮರ, 300 ವರ್ಷಕ್ಕೂ ಹಳೆಯದು. 1997ರಲ್ಲಿ ಒಬ್ಬ ಮನುಷ್ಯ ರಾತ್ರಿ ಹೋಗಿ ಅದನ್ನು ಕೊಯ್ದುಹಾಕಿದ, ಮರದ ಕಂಪನಿಗಳ ಮೇಲಿನ ಸಿಟ್ಟಿಗೆ. ಬಿದ್ದ ಮರವನ್ನು ಹಾಗೇ ಬಿಟ್ಟಿದ್ದರು. ಹೈಡಾ ಹಿರಿಯರು ಒಪ್ಪಿದ ಮೇಲೆ ಅದರಿಂದ ಒಂದು ತುಂಡು ತೆಗೆದದ್ದು ಈ ಗಿಟಾರಿಗೆ. ಕೇಳಿ, ಒಪ್ಪಿಗೆ ಪಡೆದು ತೆಗೆದರು ನೋಡು. ಅಲಾಸ್ಕಾದ ದೋಣಿಯದೂ ಹಾಗೇ ಅಲ್ವಾ?

ಮಲ್ಪೆ ಹುಡುಗ:

ಈ ಚರ್ಚೆ ಸರಿಯಾದ ಹೊತ್ತಿಗೆ ಸಿಕ್ಕಿತು. ನಮ್ಮ ಮನೆ ಹಿಂದೆ ಒಂದು ಹಳೆಯ ದೋಣಿ ಬಿದ್ದಿದೆ. ದೊಡ್ಡಪ್ಪ ಅದರಲ್ಲಿ ಮೀನಿಗೆ ಹೋಗುತ್ತಿದ್ದರು. ಹಲಗೆ ಹೆಬ್ಬಲಸೇ ಅಂತ ಅಮ್ಮ ಹೇಳುತ್ತಾರೆ. ಸೌದೆಗೆ ಕೊಡುವ ಮಾತು ಬಂದಿದೆ. ನನಗೆ ಗಿಟಾರ್ ಸ್ವಲ್ಪ ಬರುತ್ತದೆ. ಆ ಹಲಗೆಯಲ್ಲಿ ಒಂದು ಯುಕುಲೇಲೆ ಮಾಡಿಸಬಹುದಾ? ದೊಡ್ಡಪ್ಪ ಈಗಿಲ್ಲ. ದೋಣಿ ಸೌದೆ ಆಗುವುದು ನೋಡಲು ಆಗುತ್ತಿಲ್ಲ.

ಉಳಿಪೆಟ್ಟು:

ತಮ್ಮಾ, ನಾನು ಬಡಗಿ. ಹಳೆಯ ಮನೆಯ ತೊಲೆ, ಬಾಗಿಲು, ದೋಣಿ ಹಲಗೆ ಎಲ್ಲ ಬಿಚ್ಚಿ ಪೀಠೋಪಕರಣ ಮಾಡುತ್ತೇನೆ. ನೇರವಾಗಿ ಹೇಳುತ್ತೇನೆ, ದೋಣಿ ಮರದಲ್ಲಿ ಮೇಜು ಮಾಡು, ವಾದ್ಯ ಬೇಡ.

ಮೊದಲನೆಯದು ಉಪ್ಪು. ವರ್ಷಗಟ್ಟಲೆ ಕಡಲ ನೀರು ಕುಡಿದ ಮರದೊಳಗೆ ಉಪ್ಪು ಕೂತಿರುತ್ತದೆ. ಉಪ್ಪು ಗಾಳಿಯ ತೇವ ಎಳೆಯುತ್ತದೆ. ಮಳೆಗಾಲದಲ್ಲಿ ಹಲಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಅಂಟು ಬಿಡುತ್ತದೆ. ತಂತಿಯ ಕೀಲಿಗೆ ತುಕ್ಕು ಹಿಡಿಯುತ್ತದೆ. ಎರಡನೆಯದು ಕಬ್ಬಿಣದ ಮೊಳೆ. ಮೊಳೆ ಇದ್ದ ಸುತ್ತ ಮರ ಕಪ್ಪಾಗಿ ಸತ್ತಿರುತ್ತದೆ. ಮುರಿದ ಮೊಳೆ ಒಳಗೇ ಉಳಿದಿದ್ದರೆ ನನ್ನ ಉಳಿಯ ಬಾಯಿ ಹೋಯಿತು ಅಂತಲೇ ಲೆಕ್ಕ. ಮೂರನೆಯದು ಕಡಲ ಹುಳ. ಹೊರಗೆ ಸೂಜಿಯಷ್ಟು ತೂತು ಕಾಣುತ್ತದೆ, ಒಳಗೆ ಬೆರಳು ಹೋಗುವಷ್ಟು ಕೊಳವೆ ಕೊರೆದಿರುತ್ತದೆ. 2 ಮಿಲಿಮೀಟರ್ ಹಲಗೆ ಎಲ್ಲಿಂದ ತರುವುದು?

ಸೌಪರ್ಣಿಕಾ ದಡ:

ಉಳಿಪೆಟ್ಟು ಅಣ್ಣ ಹೇಳಿದ್ದು ಕೆಲಸದ ದೃಷ್ಟಿಯಿಂದ ಸರಿ. ಆದರೆ ಮಾಡಬಾರದು ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ.

ಇಟಲಿಯ ಮಿಲಾನ್ ಹತ್ತಿರ ಓಪೆರಾ ಎಂಬ ಜೈಲಿದೆ. ಅಲ್ಲಿ ಕೈದಿಗಳು ಪಿಟೀಲು, ವಿಯೊಲಾ, ಚೆಲ್ಲೊ ಮಾಡುತ್ತಾರೆ. ಮರ ಎಲ್ಲಿಯದು ಗೊತ್ತಾ? ಆಫ್ರಿಕಾದಿಂದ ಸಮುದ್ರ ದಾಟಿ ಲಾಂಪೆಡುಸಾ ದ್ವೀಪಕ್ಕೆ ಜನ ಬಂದ ಒಡಕು ದೋಣಿಗಳದು. ಅವು ಹಾಯಿದೋಣಿಗಳಲ್ಲ, ಮೀನು ಹಿಡಿಯುವ ಮೋಟರ್ ದೋಣಿಗಳು. ಹಲಗೆಯ ನೀಲಿ, ಕೆಂಪು, ಹಳದಿ ಬಣ್ಣವನ್ನೂ ಕೆರೆಯದೆ ಅಲ್ಲಲ್ಲಿ ಹಾಗೇ ಬಿಟ್ಟಿದ್ದಾರೆ. ಆ ವಾದ್ಯಗಳ ತಂಡ 2024ರ ಫೆಬ್ರವರಿ 12ಕ್ಕೆ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಬಾಖ್, ವಿವಾಲ್ಡಿ ನುಡಿಸಿತು. ಪಿಟೀಲಿಗೆ ಹೇಳಿ ಮಾಡಿಸಿದ ಮರ ಅದಲ್ಲ. ಉಪ್ಪು, ಮೊಳೆ, ತೂತು ಎಲ್ಲ ಅಲ್ಲೂ ಇದ್ದವು. ಆದರೂ ಜನ ಕಿವಿಗೊಟ್ಟು ಕೇಳಿದರು.

ನಾದ ಒಂದೇ ಅಳತೆ ಅಲ್ಲ. ಮಲ್ಪೆಯವರ ದೊಡ್ಡಪ್ಪನ ದೋಣಿಗೆ ಅವರ ಮನೆಯಲ್ಲಿ ಇರುವ ಬೆಲೆ ಬೇರೆ.

ಉಳಿಪೆಟ್ಟು:

ಅಕ್ಕ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಆದರೂ ಹುಡುಗ ದುಡ್ಡು ಕೊಟ್ಟು ಮಾಡಿಸುತ್ತಾನೆ. ಮೊದಲ ಮಳೆಗಾಲಕ್ಕೆ ಬಿಚ್ಚಿಕೊಂಡರೆ ಅವನಿಗೆ ದೋಣಿಯೂ ಇಲ್ಲ, ವಾದ್ಯವೂ ಇಲ್ಲ. ಅದು ನನ್ನ ಚಿಂತೆ.

ಮಲೆನಾಡ ಚೇಗು:

ಇಬ್ಬರ ಮಾತಿಗೂ ಜಾಗ ಇದೆ ಅಂತ ನನಗನ್ನಿಸುತ್ತದೆ. ಮಲ್ಪೆಯವರೇ, ಹೀಗೆ ಮಾಡಿ. ಮೇಲ್ಹಲಗೆಗೆ ದೋಣಿ ಮರ ಬೇಡವೇ ಬೇಡ. ನಾದ ಹುಟ್ಟುವುದು ಅಲ್ಲಿ, ಅದಕ್ಕೆ ಒಳ್ಳೆಯ ಸ್ಪ್ರೂಸ್ ಅಥವಾ ಸೀಡರ್ ಕೊಂಡುಕೊಳ್ಳಿ. ಪಕ್ಕದ ಹಲಗೆಯನ್ನು ಬಿಸಿ ಕೊಳವೆಯ ಮೇಲೆ ಬಗ್ಗಿಸಬೇಕು. ಹಳೆಯ ಒಣ ಮರ ಅಲ್ಲಿ ಪಟ್ಟನೆ ಮುರಿಯುತ್ತದೆ, ಅದಕ್ಕೂ ಬೇಡ. ದೋಣಿ ಮರ ಹಾಕಬಹುದಾದದ್ದು ಹಿಂಬದಿಗೆ, ತಲೆಯ ಮೇಲಿನ ತೆಳು ಪದರಕ್ಕೆ, ನಾದರಂಧ್ರದ ಸುತ್ತಿನ ಉಂಗುರಕ್ಕೆ. ನೋಡುವವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ.

ನೀರಿನಿಂದ ಮೇಲಿದ್ದ ಹಲಗೆಗಳನ್ನು ಆರಿಸಿ. ಅಂಚಿನ ಹಲಗೆ, ಕೂರುವ ಅಡ್ಡಹಲಗೆ ಇಂಥವು. ತಳದ್ದು ಬೇಡ. ಒಂದು ಒಳ್ಳೆಯ ಅಯಸ್ಕಾಂತ ಹಿಡಿದು ಪೂರ್ತಿ ಸವರಿ ನೋಡಿ, ಮೊಳೆ ಇದ್ದರೆ ತಿಳಿಯುತ್ತದೆ. ಹಲಗೆಯನ್ನು 5 ಮಿಲಿಮೀಟರ್‌ಗೆ ಕೊಯ್ಸಿ, ಸಿಹಿನೀರಿನಲ್ಲಿ ನೆನೆಸಿಡಿ, ನೀರು ಬದಲಿಸುತ್ತಾ ಇರಿ. ಎಲ್ಲ ಉಪ್ಪು ಹೋಗುವುದಿಲ್ಲ, ಆದರೆ ತೆಳು ಹಲಗೆಯಿಂದ ಬಹಳಷ್ಟು ಬರುತ್ತದೆ. ಆಮೇಲೆ ನೆರಳಲ್ಲಿ ನಡುವೆ ಕಡ್ಡಿ ಇಟ್ಟು ಒಣಗಿಸಿ. ಅವಸರ ಮಾಡಬೇಡಿ. ತೇವ 8 ಶೇಕಡಾ ಸುಮಾರಿಗೆ ಬಂದ ಮೇಲೆ ಮುಂದಿನ ಕೆಲಸ. ಕರಾವಳಿಯಲ್ಲಿ ಅದು ತಾನಾಗಿ ಅಷ್ಟು ಇಳಿಯುವುದಿಲ್ಲ, ಬಲ್ಬ್ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ.

ಸೌದೆಗೆ ಕೊಡುವ ಮುಂಚೆ ನಾಲ್ಕು ಒಳ್ಳೆಯ ಹಲಗೆ ಮಾತ್ರ ಇವತ್ತೇ ತೆಗೆದಿಡಿ. ಮಾಡುವುದು ಯಾವಾಗಲಾದರೂ ಆಗಲಿ.

ಕಾಡು ಕಾಯೋನು:

ಚರ್ಚೆ ಚೆನ್ನಾಗಿದೆ. ಆದರೆ ಒಂದು ವಿಷಯ ಬಿಟ್ಟುಹೋಗಿದೆ. ಎರಡು ಮರ ದಾನ ಕೊಟ್ಟ ಸೀಲಾಸ್ಕ ಸಂಸ್ಥೆಯೇ ಅಲಾಸ್ಕಾದಲ್ಲಿ ದಶಕಗಳ ಕಾಲ ದೊಡ್ಡ ಮಟ್ಟದಲ್ಲಿ ಕಾಡು ಕಡಿದಿದೆ. ಕಡಿದದ್ದರಲ್ಲಿ ಬಹಳಷ್ಟು ಏಷ್ಯಾಕ್ಕೆ ದಿಮ್ಮಿಯಾಗಿ ಹೋಯಿತು. ಅದನ್ನು ಹೇಳದೆ ಬರೀ ಒಳ್ಳೆಯ ಕಥೆ ಹೇಳಿದರೆ ಅರ್ಧ ಸತ್ಯ ಆಗುತ್ತದೆ.

ಮಲೆನಾಡ ಚೇಗು:

ಸರ್, ನೀವು ಹೇಳಿದ್ದು ನಿಜ. ಅದು ಸೇರಿದರೆ ಕಥೆ ಇನ್ನೂ ಗಟ್ಟಿಯಾಗುತ್ತದೆ. 2000ದ ದಶಕದಲ್ಲಿ ಪರಿಸರ ಸಂಸ್ಥೆ ಗ್ರೀನ್‌ಪೀಸ್ ಜೊತೆ ಗಿಬ್ಸನ್, ಮಾರ್ಟಿನ್, ಟೇಲರ್, ಫೆಂಡರ್ ಎಂಬ ಗಿಟಾರ್ ಕಂಪನಿಗಳು ಸೇರಿ ಇದೇ ಸೀಲಾಸ್ಕ ಜೊತೆ ಮಾತುಕತೆಗೆ ಕೂತವು. ಹೀಗೇ ಕಡಿದರೆ ಗಿಟಾರಿಗೆ ಬೇಕಾದ ದೊಡ್ಡ ಮರಗಳೇ ಮುಗಿಯುತ್ತವೆ ಅಂತ. ಗಿಟಾರಿಗೆ ಹೋಗುತ್ತಿದ್ದದ್ದು ಒಟ್ಟು ಕಡಿತದ ತೀರಾ ಸಣ್ಣ ಪಾಲು. ಆದರೂ ಮಾತಾಡಲು ಮುಂದೆ ಬಂದವರು ವಾದ್ಯದವರು. ಸೀಲಾಸ್ಕ 2021ರಲ್ಲಿ ಮರ ಕಡಿಯುವ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು.

ಕೊಆ ಕಡೆಯೂ ಹಾಗೇ. ಟೇಲರ್ ಕಂಪನಿ, ವಾದ್ಯದ ಮರ ಒದಗಿಸುವ ಪೆಸಿಫಿಕ್ ರಿಮ್ ಟೋನ್‌ವುಡ್ಸ್ ಜೊತೆ ಸೇರಿ ಹವಾಯಿಯಲ್ಲಿ ಜಮೀನು ತೆಗೆದುಕೊಂಡು ಕೊಆ ನೆಡುತ್ತಿದೆ. ಈಗ ನೆಟ್ಟದ್ದು ವಾದ್ಯಕ್ಕೆ ಬರಲು ಹಲವು ದಶಕ ಬೇಕು. ದೋಣಿಗೆ ಬರಲು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲ ಆಗಬೇಕು.

ಹುಬ್ಬಳ್ಳಿ ತಂತಿ:

ನಾನು ಸ್ಲೈಡ್ ಗಿಟಾರ್ ಕಲಿಯುತ್ತಿದ್ದೇನೆ, ನಮ್ಮಲ್ಲಿ ಈಗಲೂ ಹವಾಯಿಯನ್ ಗಿಟಾರ್ ಅಂತಲೇ ಕರೆಯುತ್ತಾರೆ. ತೊಡೆಯ ಮೇಲೆ ಮಲಗಿಸಿ ಲೋಹದ ಕಡ್ಡಿ ಜಾರಿಸಿ ನುಡಿಸುವುದು. ಹವಾಯಿಯ ಜೋಸೆಫ್ ಕೆಕುಕು ಈ ಶೈಲಿ ಬೆಳೆಸಿದವರು. ಅವರಿಗಿಂತ ಮುಂಚೆ, ಭಾರತದಲ್ಲಿ ಹುಟ್ಟಿ ಹಡಗಿನಲ್ಲಿ ಅಲ್ಲಿಗೆ ಹೋದ ಗೇಬ್ರಿಯಲ್ ಡೇವಿಯನ್ ಎಂಬುವನು ಹೀಗೆ ನುಡಿಸುತ್ತಿದ್ದ ಅನ್ನುವ ಮಾತೂ ಅಲ್ಲಿ ಇದೆ. ನಮ್ಮ ವಿಚಿತ್ರವೀಣೆ, ಗೋಟುವಾದ್ಯದಲ್ಲಿ ಜಾರಿಸುವ ಕ್ರಮ ಇದ್ದೇ ಇದೆಯಲ್ಲ. ಆಮೇಲೆ ಟಾವು ಮೋ ಎಂಬ ಕಲಾವಿದರ ಕುಟುಂಬ 1940ರ ದಶಕದಲ್ಲಿ ಕಲ್ಕತ್ತದಲ್ಲಿದ್ದು ಕಲಿಸಿತು. ಹಳೆಯ ಹವಾಯಿಯನ್ ಗಿಟಾರುಗಳಲ್ಲೂ ಬಹಳಷ್ಟು ಪೂರ್ತಿ ಕೊಆ ಮರದವು. ಅಂದರೆ ದೋಣಿ ಮರದ ದನಿ ನಮ್ಮ ಕಡೆಗೂ ಬಂದಿದೆ ಅನ್ನಿ.

ಗಂಗೊಳ್ಳಿ ಗಾಳಿ:

ಹಾಯಿಯ ಮಾತು ಬಂದದ್ದಕ್ಕೆ ಇನ್ನೊಂದು. ಐಎನ್‌ಎಸ್‌ವಿ ಕೌಂಡಿನ್ಯ ನೋಡಿದಿರಾ? ಅಜಂತಾದ ಚಿತ್ರ ನೋಡಿ, ಮೊಳೆ ಇಲ್ಲದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ ಹಾಯಿಹಡಗು. ಕೇರಳದ ಬಡಗಿಗಳು ಗೋವಾದಲ್ಲಿ ಕಟ್ಟಿದ್ದು. 2025ರ ಮೇ 21ಕ್ಕೆ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿಸಿದರು. ಹೊಲಿದ ದೋಣಿಯಲ್ಲಿ ಮೊಳೆ ಇಲ್ಲ, ಹಾಗಾಗಿ ಕಪ್ಪು ಕಲೆಯೂ ಇಲ್ಲ. ಉಳಿಪೆಟ್ಟು ಅಣ್ಣನ ಉಳಿಗೂ ಕ್ಷೇಮ.

ತೀರ್ಥಹಳ್ಳಿ ತೋಟ:

ಅಕ್ಕ, ಕೊಆ ಜಾಲಿ ಬಳಗ ಅಂದಿರಲ್ಲ. ನಮ್ಮಲ್ಲಿ ಗುಡ್ಡ ಗುಡ್ಡವೇ ಅಕೇಶಿಯಾ ನೆಟ್ಟಿದ್ದಾರೆ, ಔರಿಕ್ಯುಲಿಫಾರ್ಮಿಸ್. ಅದಕ್ಕೂ ಕೊಆಗೂ ಸಂಬಂಧ ಇದೆಯಾ? ಎಲೆ ನೋಡಿದರೆ ಒಂದೇ ಥರ ಕಾಣುತ್ತದೆ. ನಮ್ಮ ತೋಟದ ಬೇಲಿಯಲ್ಲಿದ್ದ ಹಳೆಯದೊಂದು ಗಾಳಿಗೆ ಬಿದ್ದಿದೆ. ಚೇಗು ಒಳ್ಳೆ ಕಂದು ಬಣ್ಣ. ವಾದ್ಯಕ್ಕೆ ಬರುತ್ತದಾ?

ಮಲೆನಾಡ ಚೇಗು:

ಸಂಬಂಧ ಇದೆ, ಎರಡೂ ಅಕೇಶಿಯಾ ಕುಲವೇ. ಎಲೆ ಅಂತ ಕಾಣುವುದು ಎರಡರಲ್ಲೂ ಚಪ್ಪಟೆಯಾದ ತೊಟ್ಟು. ಎಳೆಯ ಸಸಿಯಲ್ಲಿ ಮಾತ್ರ ಜಾಲಿಯಂಥ ಚಿಕ್ಕ ಚಿಕ್ಕ ಎಲೆ ಇರುತ್ತದೆ. ಕೊಆಗೆ ಇನ್ನೂ ಹತ್ತಿರದ ನೆಂಟ ನಮ್ಮ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿದೆ. ಅದು ಹವಾಯಿಯ ಕೊಆದಿಂದಲೇ ಬಂದದ್ದು ಅಂತ ವಂಶವಾಹಿ ನೋಡಿ ಕಂಡುಕೊಂಡಿದ್ದಾರೆ. ಅಷ್ಟು ದೂರ ಬೀಜ ಹೋಯಿತಲ್ಲ! ನೀಲಗಿರಿಯಲ್ಲಿ ನೆಟ್ಟಿರುವ ಬ್ಲ್ಯಾಕ್‌ವುಡ್ ಕೂಡ ಇದೇ ಬಳಗ, ಅದರಲ್ಲಿ ಆಸ್ಟ್ರೇಲಿಯಾದವರು ಒಳ್ಳೊಳ್ಳೆ ಗಿಟಾರ್ ಮಾಡುತ್ತಾರೆ.

ನಿಮ್ಮ ಮರ ತಾನಾಗಿ ಬಿದ್ದದ್ದು, ನೆಟ್ಟ ಮರ, ಹೊರಗಿನಿಂದ ಬಂದ ಜಾತಿ. ಇದಕ್ಕಿಂತ ಒಳ್ಳೆಯ ಮರ ನನಗೆ ಕಾಣುವುದಿಲ್ಲ. ಔರಿಕ್ಯುಲಿಫಾರ್ಮಿಸ್ ಕೊಆಗಿಂತ ಸ್ವಲ್ಪ ಭಾರ, ಎಳೆ ಅಡ್ಡಾದಿಡ್ಡಿ ಇರುತ್ತದೆ. ಹಿಂಬದಿ, ಪಕ್ಕಕ್ಕೆ ನೋಡಬಹುದು. ದಿಮ್ಮಿಯ ಎರಡೂ ತುದಿಗೆ ಇವತ್ತೇ ಬಣ್ಣ ಅಥವಾ ಮೇಣ ಬಳಿಯಿರಿ, ಇಲ್ಲದಿದ್ದರೆ ತುದಿಯಿಂದ ಸೀಳು ಬರುತ್ತದೆ. ತೊಗಟೆ ತೆಗೆದು ನೆಲದಿಂದ ಎತ್ತಿ ಇಡಿ, ಮಳೆ ತಾಗಬಾರದು.

ತೀರ್ಥಹಳ್ಳಿ ತೋಟ:

ಬಣ್ಣ ಇದೆ, ಸಂಜೆಯೇ ಬಳಿಯುತ್ತೇನೆ. ಸಾಮಿಲ್‌ನವರಿಗೆ ಹೇಗೆ ಕೊಯ್ಯಲು ಹೇಳಲಿ? ಅವರು ಎಲ್ಲವನ್ನೂ ಒಂದೇ ಕಡೆಯಿಂದ ಪದರ ಪದರವಾಗಿ ಕೊಯ್ದುಬಿಡುತ್ತಾರೆ.

ಉಳಿಪೆಟ್ಟು:

ಅದಕ್ಕೆ ನಾನು ಹೇಳುತ್ತೇನೆ. ಮೊದಲು ದಿಮ್ಮಿ ನಾಲ್ಕು ಸೀಳು ಮಾಡಿಸಿ. ಆಮೇಲೆ ಒಂದೊಂದು ಸೀಳನ್ನೂ ತಿರುಗಿಸಿಟ್ಟು, ತುದಿಯಲ್ಲಿ ಉಂಗುರದ ಗೆರೆ ಹಲಗೆಯ ಮುಖಕ್ಕೆ ನೇರ ನಿಲ್ಲುವ ಹಾಗೆ ಕೊಯ್ಸಿ. ಮರ ಸ್ವಲ್ಪ ಹಾಳಾಗುತ್ತದೆ, ಕೂಲಿ ಜಾಸ್ತಿ ಕೇಳುತ್ತಾರೆ, ಕೊಡಿ. ಎದುರಲ್ಲೇ ನಿಂತು ಕೊಯ್ಸಿ. ಮಲ್ಪೆ ತಮ್ಮಾ, ನೀನೂ ಹಲಗೆ ತೆಗೆದಿಟ್ಟೆಯಾ?

ಮಲ್ಪೆ ಹುಡುಗ:

ತೆಗೆದಿಟ್ಟೆ ಅಣ್ಣ. ಕೂರುವ ಅಡ್ಡಹಲಗೆ ಎರಡು, ಅಂಚಿನದು ಮೂರು. ಒಂದರಲ್ಲಿ ಅಯಸ್ಕಾಂತ ಅಂಟಿಕೊಂಡಿತು, ಮೊಳೆ ಇದೆ. ತೆಗೆಯುವುದು ಹೇಗೆ ಅಂತ ನಿಮ್ಮ ಹತ್ತಿರ ತಂದು ತೋರಿಸಬಹುದಾ?

ಉಳಿಪೆಟ್ಟು:

ತಗೊಂಡು ಬಾ. ಭಾನುವಾರ ಬಿಟ್ಟು ಯಾವತ್ತಾದರೂ ಇರುತ್ತೇನೆ. ವಿಳಾಸ ಮೆಸೇಜ್ ಮಾಡುತ್ತೇನೆ. ನೀನೇ ಕೈಯಿಂದ ಕೀಳಲು ಹೋಗಬೇಡ, ತಲೆ ಮುರಿದು ಒಳಗೆ ಉಳಿಯುತ್ತದೆ.